ಮಕ್ಕಳಿಗೆ ಕಲಿಸಲು ಬರುವವರು ವರ್ಷವಿಡೀ ಬರಲಿ

ಮಾನ್ಯರೇ,

ಜೂನ್ ಬಂತೆಂದರೆ ಸರ್ಕಾರಿ ಶಾಲೆಗಳಿಗೆ ನೋಟ್‌ಬುಕ್, ಬ್ಯಾಗು ಹಂಚಲು ದಾನಿಗಳು ಬರುತ್ತಾರೆ. ಅವರಲ್ಲಿ ಕೆಲವರು ‘ವಾರಕ್ಕೊಮ್ಮೆ ಬಂದು ಮಕ್ಕಳಿಗೆ ಹೇಳಿಕೊಡುತ್ತೇವೆ’ ಎಂದೂ ಮುಂದಾಗುತ್ತಾರೆ. ಅದು ಬ್ಯಾಗಿಗಿಂತ ದೊಡ್ಡ ಕೊಡುಗೆ. ಆದರೆ ಯಾವ ಮಕ್ಕಳಿಗೆ, ಏನನ್ನು, ಎಷ್ಟು ಹೊತ್ತು ಎಂದು ಗೊತ್ತುಮಾಡಿಕೊಳ್ಳದೆ ಹೊರಟರೆ ದಸರಾ ರಜೆಯ ಹೊತ್ತಿಗೆ ಎಲ್ಲವೂ ನಿಂತುಹೋಗುತ್ತದೆ. ಹಾಗೆ ಒಬ್ಬರು ಅರ್ಧಕ್ಕೆ ಬಿಟ್ಟರೆ, ಮುಂದೆ ಬರುವವರನ್ನೂ ಮಕ್ಕಳು ಸುಲಭಕ್ಕೆ ನಂಬುವುದಿಲ್ಲ.

ಮೊದಲು ಮುಖ್ಯ ಶಿಕ್ಷಕರನ್ನು ಕಂಡು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಒಪ್ಪಿಗೆ ಪಡೆಯಬೇಕು. ಕೇಂದ್ರ ಸರ್ಕಾರದ ವಿದ್ಯಾಂಜಲಿ ಜಾಲತಾಣದಲ್ಲೂ ಹೆಸರು ನೋಂದಾಯಿಸಬಹುದು. ಶಾಲೆ ತೆರೆದ ಕೂಡಲೇ, ಹಿಂದಿನ ತರಗತಿಯ ಕಲಿಕೆಯನ್ನು ಪರೀಕ್ಷಿಸಿ ಸರಿಪಡಿಸುವ ಸೇತುಬಂಧ ನಡೆಯುವುದರಿಂದ ಅದು ಮುಗಿದ ಮೇಲೆ ಆರಂಭಿಸುವುದು ಒಳ್ಳೆಯದು. ಅಷ್ಟರಲ್ಲಿ ಯಾರು ಹಿಂದುಳಿದಿದ್ದಾರೆಂದು ಶಿಕ್ಷಕರಿಗೆ ತಿಳಿದಿರುತ್ತದೆ. 1ರಿಂದ 3ನೇ ತರಗತಿಯಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ–ಕಲಿ ಪದ್ಧತಿಗೆ ಅದರದೇ ಕಲಿಕಾ ಏಣಿ, ಕಾರ್ಡುಗಳ ಕ್ರಮವಿದೆ. ಹೊರಗಿನವರು ಅಲ್ಲಿ ಕೈ ಹಾಕದಿರುವುದೇ ಲೇಸು. 4ರಿಂದ 7ನೇ ತರಗತಿಯ ನಾಲ್ಕೈದು ಮಕ್ಕಳು, ವಾರಕ್ಕೆ ಎರಡು ದಿನ, 45 ನಿಮಿಷ ಸಾಕು. ಇಪ್ಪತ್ತು ಮಕ್ಕಳನ್ನು ಕೂರಿಸಿಕೊಂಡರೆ ಅದು ಇನ್ನೊಂದು ತರಗತಿಯೇ ಆಗುತ್ತದೆ.

ಮೊದಲ ದಿನ ಪಠ್ಯಪುಸ್ತಕ ತೆರೆಯಬೇಡಿ. ಅಕ್ಷರ, ಪದ, ನಾಲ್ಕು ವಾಕ್ಯದ ಪ್ಯಾರಾ, ಪುಟ್ಟ ಕಥೆ – ಈ ನಾಲ್ಕರಲ್ಲಿ ಮಗು ಎಲ್ಲಿ ತಡೆಯುತ್ತದೆ ಎಂದು ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಎಷ್ಟೋ ಮಕ್ಕಳು ಪಾಠವನ್ನು ಬಾಯಿಪಾಠ ಮಾಡಿ ಸರಾಗವಾಗಿ ಒಪ್ಪಿಸುತ್ತಾರೆ. ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿದರೆ ನಿಜ ಗೊತ್ತಾಗುತ್ತದೆ. ಕನ್ನಡ ಓದಿನಲ್ಲಿ ಹೆಚ್ಚಿನ ಮಕ್ಕಳು ಎಡವುವುದು ಕಾಗುಣಿತದ ದೀರ್ಘಗಳಲ್ಲಿ, ಒತ್ತಕ್ಷರಗಳಲ್ಲಿ. ಅದಕ್ಕಿಂತ ಹೆಚ್ಚಾಗಿ ಅರ್ಕಾವತ್ತಿನಲ್ಲಿ. ಅರ್ಕಾವತ್ತನ್ನು ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಮೊದಲು. ಹಾಗಾಗಿ ‘ಸೂರ್ಯ’ ‘ಸೂಯ್ರ’ ಆಗುತ್ತದೆ. ಇದು ದಡ್ಡತನವಲ್ಲ, ಕಣ್ಣಿಗೆ ಕಂಡ ಕ್ರಮದಲ್ಲೇ ಮಗು ಓದುತ್ತಿದೆ. ವರ್ಷ, ಕಾರ್ಯ, ಮಾರ್ಗ ಎಂಬಂಥ ಹತ್ತು ಪದಗಳನ್ನು ಒಟ್ಟಿಗೆ ಬರೆದು, ಬಂದ ದಿನವೆಲ್ಲ ಐದು ನಿಮಿಷ ಓದಿಸುತ್ತ ಹೋದರೆ ಬಹುಪಾಲು ಸರಿಹೋಗುತ್ತದೆ.

ಲೆಕ್ಕದಲ್ಲೂ ತಪ್ಪಿಗೆ ಕಾರಣ ಇರುತ್ತದೆ. 502ರಿಂದ 178 ಕಳೆಯಲು ಹೇಳಿದರೆ 476 ಎಂದು ಬರೆಯುವ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿರುತ್ತದೆ. ಅದಕ್ಕೆ ಇನ್ನೂ ಹತ್ತು ಲೆಕ್ಕ ಕೊಟ್ಟರೆ ಹತ್ತೂ ಹಾಗೆಯೇ ತಪ್ಪುತ್ತವೆ. ಪೊರಕೆಕಡ್ಡಿಯ ಹತ್ತರ ಕಟ್ಟು, ಬಿಡಿ ಕಡ್ಡಿ ಕೊಟ್ಟು 52ರಿಂದ 18 ಕಳೆಯಿರಿ ಎನ್ನಿ. ಕಟ್ಟನ್ನು ಬಿಚ್ಚದೆ 8 ಕಡ್ಡಿ ಕೊಡಲಾಗದು ಎಂದು ಕೈಗೆ ತಿಳಿದ ಮೇಲೆ ಸ್ಲೇಟಿಗೆ ಬನ್ನಿ. ಮಧ್ಯೆ ಸೊನ್ನೆ ಇರುವ ಸಂಖ್ಯೆ ಕೊನೆಗಿರಲಿ.

8ನೇ ತರಗತಿಯವರಿಗೆ ನೆರವಾಗುವವರು ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆಯನ್ನು ಮರೆಯಬಾರದು. ಇದನ್ನು ಬರೆಯಲು ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಇದರ ಮಾನಸಿಕ ಸಾಮರ್ಥ್ಯ ಪತ್ರಿಕೆಯ ಪ್ರಶ್ನೆಗಳು ಪಠ್ಯದಲ್ಲಿಲ್ಲ. ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಅಭ್ಯಾಸ ಮಾಡಿಸಬೇಕು. ಗೆದ್ದ ಮೇಲೂ ಹಣ ಬಾರದೇ ಹೋಗುವುದುಂಟು. ಆಧಾರ್‌ನಲ್ಲಿ ಒಂದು ಇನಿಷಿಯಲ್, ಶಾಲಾ ದಾಖಲೆಯಲ್ಲಿ ಇನ್ನೊಂದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೇ ಇಲ್ಲ – ಇಷ್ಟೇ ಸಾಕು. ಪರೀಕ್ಷೆಗೆ ಮೊದಲೇ ಮೂರೂ ದಾಖಲೆಗಳನ್ನು ಎದುರಿಗಿಟ್ಟು ಹೋಲಿಸುವುದು, ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ನೋಡುವುದು ಓದಿಸುವಷ್ಟೇ ಮುಖ್ಯ. ದಿನಗೂಲಿಗೆ ಹೋಗುವ ತಂದೆತಾಯಿಗೆ ಇದಕ್ಕಾಗಿ ನಾಲ್ಕು ಸಲ ಅಲೆಯಲು ಆಗದು.

ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಸಂಕೋಚ ಬೇಡ. ಕಲಿಸುವುದು ಎಲ್ಲರಿಗೂ ಕಾಣುವ ಜಗಲಿಯಲ್ಲಿ ಅಥವಾ ಬಾಗಿಲು ತೆರೆದ ಕೊಠಡಿಯಲ್ಲಿ. ಮಗುವನ್ನು ಒಂಟಿಯಾಗಿ ಬೈಕಿನಲ್ಲಿ ಕೂರಿಸಿಕೊಂಡು ಹೋಗುವುದು, ಖಾಸಗಿಯಾಗಿ ಮೆಸೇಜ್ ಮಾಡುವುದು, ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವುದು ಸಲ್ಲದು. ಲೈಂಗಿಕ ದೌರ್ಜನ್ಯದ ಸಂಗತಿಯನ್ನು ಮಗು ಹೇಳಿಕೊಂಡರೆ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ, ಕೆದಕಿ ಕೆದಕಿ ಕೇಳಲೂಬೇಡಿ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವ ಹೊಣೆ ವಿಷಯ ತಿಳಿದ ಪ್ರತಿಯೊಬ್ಬರದು; ಮುಖ್ಯ ಶಿಕ್ಷಕರಿಗೆ ಹೇಳಿದ ಮಾತ್ರಕ್ಕೆ ಅದು ತೀರುವುದಿಲ್ಲ. ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಇದೆ.

ಶಾಲೆಗಳದ್ದೂ ಒಂದು ಪಾಲಿದೆ. ಬಂದವರನ್ನು ಖಾಲಿ ಇರುವ ಹುದ್ದೆಯ ಜಾಗಕ್ಕೆ ನಿಲ್ಲಿಸುವ ಪರಿಪಾಟ ಬಿಡಬೇಕು. ಶಿಕ್ಷಕರ ನೇಮಕ ಸರ್ಕಾರದ ಕೆಲಸ, ಅದನ್ನು ಸ್ವಯಂಸೇವಕರ ಹೆಗಲಿಗೆ ಹಾಕಲಾಗದು. ಒಂದು ಗುಂಪಿಗೆ ಇಬ್ಬರನ್ನು ಜೋಡಿಸಿದರೆ ಒಬ್ಬರು ಊರಲ್ಲಿಲ್ಲದ ದಿನವೂ ಮಕ್ಕಳು ಕಾದು ಕೂರಬೇಕಾಗುವುದಿಲ್ಲ. ಬರುವವರ ದಿನ, ವೇಳೆ, ಮಕ್ಕಳ ಹೆಸರು ಬರೆಯಲು ಒಂದು ರಿಜಿಸ್ಟರ್ ಇಟ್ಟು, ತಿಂಗಳಿಗೊಮ್ಮೆ ಎಸ್‌ಡಿಎಂಸಿ ಸಭೆಯಲ್ಲಿ ಅದನ್ನು ನೋಡುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳು ಈ ಜೂನ್‌ನಲ್ಲೇ ಶಾಲೆಗಳಿಗೆ ಸೂಚಿಸಬೇಕು.

– ನಿವೃತ್ತ ಶಿಕ್ಷಕಿ, ತಿಪಟೂರು