ಅಂಗಡಿಯವಳಾಗ್ಬಿಡ್ತೀನಾ ಅಂತ ಬರ್ದಿದ್ದೀಯಲ್ಲ

ಕೂಸೇ,

ನಿನ್ನ ಪತ್ರ ಬಂದು ಆರು ದಿನ ಆಯ್ತು. ಮನೆ ಸುದ್ದಿ ನಾನು ಬರಿಯೋದಿಲ್ಲ, ಎಲ್ಲ ನಿನ್ನ ಅಮ್ಮ ಫೋನಲ್ಲಿ ಹೇಳಿರ್ತಾಳೆ. ಆರು ದಿನದಿಂದ ನನ್ನ ತಲೇಲಿ ಕೂತಿರೋದು ನಿನ್ನ ಮೂರನೇ ಪುಟದ ಕೆಳಗಿನ ಒಂದೇ ಸಾಲು. ಸಾಲಕ್ಕೆ ಬ್ಯಾಂಕಿನವ್ರು ಪ್ರಾಜೆಕ್ಟ್ ರಿಪೋರ್ಟ್, ಅಂದ್ರೆ ಕಸುಬಿನ ಖರ್ಚು ಆದಾಯದ ಪ್ಲಾನ್, ಕೇಳ್ತಿದ್ದಾರೆ, ಬರೆಯೋಕೆ ಕೂತ್ರೆ ಕೈ ಏಳೋದಿಲ್ಲ, ಇದನ್ನ ಬರೆದ ದಿನ ನಾನು ಅಂಗಡಿಯವಳಾಗ್ಬಿಡ್ತೀನಾ ಅಂತ ಭಯ ಮಾವ, ಅಂತ ಬರ್ದಿದ್ದೀಯಲ್ಲ, ಅದು. ಓದಿ ಕನ್ನಡಕ ತೆಗೆದಿಟ್ಟು ಸುಮಾರು ಹೊತ್ತು ಜಗಲಿ ಮೇಲೇ ಕೂತಿದ್ದೆ.

ಮೊದ್ಲು ಹೇಳ್ಬೇಕು ಅನಿಸಿದ್ದು ಇಷ್ಟು. ನೀನು ಕಾವಿ ಕಲೆ ಮಾಡೋಳು. ಸುಣ್ಣದ ಗಾರೆ ಮೇಲೆ ಕೆಮ್ಮಣ್ಣಿನ ಪದರ ಎಳೆದ ಮೇಲೆ ಅದು ಹಸಿ ಇರೋವಾಗ್ಲೇ ಕೈವಾರ, ಮೊಳೆ ಹಿಡಿದು ಕೆತ್ತಿ ಒಳಗಿನ ಬಿಳಿ ತೆಗೀಬೇಕು, ಒಣಗಿದ್ರೆ ಮುಗೀತು. ಹಾಗಾಗಿ ಬೆಳಿಗ್ಗೆ ಗೋಡೆ ಮುಂದೆ ನಿಂತು ನೀನು ಮಾಡೋ ಮೊದಲ ಕೆಲಸ ಎಂತದು? ಇವತ್ತು ಎಷ್ಟು ಅಡಿ, ಎಷ್ಟು ಹೊತ್ತು, ಯಾರು ಗಾರೆ ಕಲಸೋದು, ಬಿಸಿಲು ಯಾವಾಗ ಬೀಳತ್ತೆ, ಅಷ್ಟು ಲೆಕ್ಕ ಹಾಕಿಯೇ ಅಲ್ದಾ ಕರಣೆ ಮುಟ್ಟೋದು. ಹೋದ ವರ್ಷ ನಾನೇ ನೋಡಿದ್ದೇನೆ, ನೂಲಿಗೆ ಬಣ್ಣ ಹಚ್ಚಿ ಗೋಡೆ ಮೇಲೆ ಚೌಕ ಹೊಡೀತಾ ಇದ್ದೆ, ಹತ್ತಿರ ಬಂದ್ರೆ ಬೈತಾ ಇದ್ದೆ. ಆ ಲೆಕ್ಕದಿಂದ ನಿನ್ನ ಕಮಲದ ಚಿತ್ರ ಯಾವತ್ತಾದ್ರೂ ಕೆಟ್ಟಿದೆಯಾ? ಶಿರಸಿ ಮಾರಿಕಾಂಬೆ ದೇವಸ್ಥಾನದ ಗೋಡೆ ಮೇಲಿನ ಕಾವಿ ಚಿತ್ರ ಮಾಡಿದವ್ರೂ ಹಾಗೇ ಅಳೆದು ಹೊಡೆದವ್ರೇ.

ಯಕ್ಷಗಾನ ಮೇಳದವ್ರನ್ನ ನೋಡು. ಕೆರೆಮನೆ ಶಿವರಾಮ ಹೆಗಡೆಯವ್ರು ಇಡಗುಂಜಿ ಮೇಳ ಕಟ್ಟಿದ್ದು 1934ರಲ್ಲಿ. ಮೇಳ ಅಂದ್ರೆ ಯಾವ ಊರಲ್ಲಿ ಯಾವ ದಿನ ಆಟ, ವೀಳ್ಯ ಅಂದ್ರೆ ಆಟ ಆಡಿಸೋರು ಕೊಡೋ ದುಡ್ಡು ಎಷ್ಟು, ಮಳೆಗಾಲದಲ್ಲಿ ಕಲಾವಿದ್ರು ಏನು ಉಣ್ಣೋದು, ಇದನ್ನೆಲ್ಲ ಯಾರೋ ಒಬ್ರು ಕೂತು ಬರೀಲೇಬೇಕು, ಬರೀದಿದ್ರೆ ತಿರುಗಾಟವೇ ಇಲ್ಲ. ಆ ಪಟ್ಟಿ ಯಜಮಾನನ ಜೇಬಲ್ಲಿ ಇತ್ತು ಅಂತ ರಂಗದ ಮೇಲೆ ಯಾರ ಕುಣಿತವೂ ಸಪ್ಪೆ ಆಗ್ಲಿಲ್ಲ.

ಇಷ್ಟು ಬರೆದು ನಿಲ್ಲಿಸಿದ್ದೆ ನಿನ್ನೆ. ಆದ್ರೆ ಇದು ವಾದ ಆಯ್ತು, ಭಯಕ್ಕೆ ವಾದ ಮದ್ದಲ್ಲ ಅಂತ ನಂಗೆ ಗೊತ್ತು, ಯಾಕಂದ್ರೆ ನೀನು ಬರ್ದ ಸಾಲು ನನ್ನದೇ ಸಾಲು ಕೂಸೇ. ನಿನ್ನ ಅತ್ತೆಗೆ ನಾನು ಹೇಳಿದ್ದು.

ತದಡಿ ಬಂದರಲ್ಲಿ ನಾನು ಬೋಟಿಗೆ ಪೇಂಟ್ ಮಾಡ್ತಿದ್ದ ಕಾಲ ನಿಂಗೆ ಕೇಳಿ ಗೊತ್ತು, ಆದ್ರೆ ಕೆಲಸ ಹೇಗೆ ಬರ್ತಿತ್ತು ಅಂತ ಗೊತ್ತಿರ್ಲಿಕ್ಕಿಲ್ಲ. ಮಳೆಗಾಲದಲ್ಲಿ ಯಂತ್ರದ ಬೋಟಿನ ಮೀನುಗಾರಿಕೆ ಬಂದ್ ಇರತ್ತಲ್ಲ, ಈಗ ಜೂನ್ 1ರಿಂದ ಜುಲೈ 31ರ ತನಕ 61 ದಿನ, ಆಗ ಬೋಟೆಲ್ಲ ದಡಕ್ಕೆ. ಆವಾಗ್ಲೇ ಮರಗೆಲಸ, ಆವಾಗ್ಲೇ ಬಣ್ಣ, ಹೆಸರು, ನಂಬರು, ಮೂತಿ ಮೇಲೆ ಒಂದು ಕಣ್ಣೋ ಹೂವೋ. ವರ್ಷದ ಮುಕ್ಕಾಲು ದುಡಿಮೆ ಆ ಎರಡು ತಿಂಗಳದ್ದು, ಅದೂ ತಾಡಪತ್ರಿ ಕಟ್ಕೊಂಡು ಮಳೆ ನಡುವೆ. ದುಡ್ಡು ಮಾತ್ರ ಕೈಗೆ ಬರೋದಲ್ಲ, ಬೋಟು ಕಡಲಿಗೆ ಇಳಿದು ಮೀನು ಬಿದ್ದ ಮೇಲೆ ಕೊಡ್ತೇವೆ ಅನ್ನೋರು, ನಾನು ಒಂದು ನೂರು ಪುಟದ ನೋಟ್‌ಬುಕ್ಕಲ್ಲಿ ಬೋಟಿನ ಹೆಸರು ಬರೆದು ಪಕ್ಕದಲ್ಲಿ ಎಷ್ಟು ಬರಬೇಕು ಅಂತ ಬರ್ಕೊಳ್ತಿದ್ದೆ. ಒಂದು ದಿನವೂ ಕೂಡಿಸ್ಲಿಲ್ಲ. ಹದಿನಾಲ್ಕು ವರ್ಷ.

ನಂಗೆ ಜಾಂಡಿಸ್ ಆಗಿ ಮಲಗಿದ ವರ್ಷ ನಿನ್ನ ಅತ್ತೆ ಒಂದು ರಾತ್ರಿ ಅಡುಗೆ ಮನೆ ದೀಪದ ಕೆಳಗೆ ಆ ಪುಸ್ತಕ ಇಟ್ಕೊಂಡು ಸೀಸದ ಕಡ್ಡೀಲಿ ಪುಟ ಪುಟಕ್ಕೂ ಮೊತ್ತ ಹಾಕಿದ್ಲು. ಒಂದು ಲಕ್ಷದ ಮೂವತ್ತೇಳು ಸಾವಿರ ಬಾಕಿ. ಬೆಳಿಗ್ಗೆ ಗಂಜಿ ತಂದಿಟ್ಟು ಪುಸ್ತಕ ತೋರ್ಸಿದ್ಲು, ಮುಂದಿನ ಹಂಗಾಮಿಗೆ ಅರ್ಧ ಮುಂಗಡ ಇಲ್ದೆ ಕುಂಚ ಮುಟ್ಟೋದು ಬೇಡ, ಕುಮಟಾದಲ್ಲಿ ಒಂದು ಸಣ್ಣ ರೂಮು ಹಿಡಿಯುವ, ಉಳಿದ ಹತ್ತು ತಿಂಗಳು ಎಂತ ಮಾಡೋದು ಅಂತ ಬರೆಯುವ ಅಂದ್ಲು. ನಾನು ಗಂಜಿ ಬಟ್ಟಲು ದೂಡಿ, ನಾನೇನು ಬಡ್ಡಿ ವ್ಯಾಪಾರಿಯಾ, ನಾನು ಚಿತ್ರ ಬರಿಯೋನು ಅಂದೆ. ಅವಳು ಮತ್ತೆ ಯಾವತ್ತೂ ಆ ಪುಸ್ತಕ ಮುಟ್ಲಿಲ್ಲ. ಈಗ ಕೇಳೋಣ ಅಂದ್ರೆ ಅವಳಿಲ್ಲ.

ಆ ದಿನ ನಂಗೆ ಆಗಿದ್ದು ಎಂತ ಅಂತ ಈಗ ಅರ್ಥ ಆಗತ್ತೆ. ಕಲೆ ಹೋಗತ್ತೆ ಅಂತ ಹೆದರಿದ್ದೆ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ಅದು ಸುಳ್ಳು. ಆ ಮೊತ್ತ ನೋಡ್ಲಿಕ್ಕೆ ಹೆದರಿದ್ದೆ ನಾನು. ಇಷ್ಟು ವರ್ಷ ನಾನು ಎಷ್ಟು ಅಗ್ಗಕ್ಕೆ ದುಡಿದೆ ಅಂತ ಆ ಒಂದು ಸಂಖ್ಯೆ ಹೇಳ್ತಿತ್ತು. ಲೆಕ್ಕ ಬರೀದೆ ಇದ್ದಿದ್ದಕ್ಕೆ ಚಿತ್ರ ಉಳೀತಾ ಅಂದ್ರೆ ಅದೂ ಇಲ್ಲ. ಅಘನಾಶಿನಿ ಸಮುದ್ರ ಸೇರೋ ಜಾಗ, ಇಳಿತದ ಹೊತ್ತಿಗೆ ಹೆಂಗಸ್ರು ಕೆಸರಲ್ಲಿ ಚಿಪ್ಪಿ ಆರಿಸೋದು, ಅದನ್ನ ದೊಡ್ಡದಾಗಿ ಬರೀಬೇಕು ಅಂತ ಇಪ್ಪತ್ತು ವರ್ಷ ಅಂದ್ಕೊಂಡೆ. ಕೈಯಲ್ಲಿ ಕಾಸಿಲ್ದೇ ಇದ್ದಿದ್ದಕ್ಕೆ ಬಂದ ಕೆಲಸ ಎಲ್ಲ ಒಪ್ಕೊಂಡೆ, ಸಿಮೆಂಟ್ ಜಾಹೀರಾತು, ಬನಿಯನ್ ಜಾಹೀರಾತು, ಚುನಾವಣೆ ಗೋಡೆ, ಆಮೇಲೆ ಫ್ಲೆಕ್ಸ್ ಬಂತು, ಅದೂ ಹೋಯ್ತು. ಅಘನಾಶಿನಿ ಹಾಗೇ ಉಳೀತು.

ಈಗ ನಿನ್ನ ವಿಷಯ. ಗೋಕರ್ಣದ ಆ ಹೋಮ್‌ಸ್ಟೇ ಗೋಡೆ 18,000ಕ್ಕೆ ಮಾಡಿದೆ, ಖುಷಿ ಆಯ್ತು ಅಂತ ಬರ್ದಿದ್ದೀಯ. ಬೇಜಾರು ಮಾಡ್ಕೋಬೇಡ, ನಿನ್ನ ಪತ್ರದಲ್ಲಿ ಅಲ್ಲಲ್ಲಿ ಇದ್ದಿದ್ದನ್ನೇ ಕೂಡಿಸಿದೆ. ಸಾಮಾನಿಗೆ 4,300, ಬಸ್ಸು ಊಟ 2,100, ಗಾರೆ ಕಲಸೋ ಹುಡುಗನಿಗೆ ದಿನಕ್ಕೆ 700ರ ಹಾಗೆ ಎಂಟು ದಿನ, 5,600. ಎಲ್ಲ ಸೇರಿ 12,000 ಹೋಯ್ತು, ಉಳಿದಿದ್ದು 6,000. ಜಾಗ ನೋಡೋಕೆ ಹೋದ ದಿನ, ಸ್ಕೆಚ್ ಮಾಡಿದ ದಿನ ಸೇರ್ಸಿ ನೀನು ಹನ್ನೊಂದು ದಿನ ಕೊಟ್ಟಿದ್ದೀಯ. ದಿನಕ್ಕೆ 545 ರೂಪಾಯಿ ಆಯ್ತು. ಗಾರೆ ಕಲಸಿದವನಿಗೆ ನಿನಗಿಂತ ಜಾಸ್ತಿ. ಅವನಿಗೆ ಕಡಿಮೆ ಮಾಡು ಅಂತ ಖಂಡಿತ ಹೇಳ್ತಿಲ್ಲ. ಆ 545 ನೋಡಿ ನಿನ್ನ ಹೊಟ್ಟೇಲಿ ಒಂದು ಸಂಕಟ ಆಗತ್ತೆ ಅಲ್ದಾ, ನಿನ್ನ ಭಯ ಅದೇ ಇರ್ಬೇಕು ಅಂತ ನಂಗೆ ಅನುಮಾನ, ಅಂಗಡಿ ಗಿಂಗಡಿ ಎಲ್ಲ ಅದಕ್ಕೆ ನಾವು ಕೊಟ್ಕೊಂಡ ಹೆಸರು.

ಪ್ಲಾನ್ ಹೇಗೆ ಬರೆಯೋದು ಅಂತ ಹೇಳೋ ಯೋಗ್ಯತೆ ನಂಗಿಲ್ಲ, ನಾನು ಬರೆದವನೇ ಅಲ್ಲ. ನಿನ್ನ ಅತ್ತೆ ಮಾಡ್ತಿದ್ದ ಹಾಗೆ ಒಂದು ಹಾಳೆ ಮೇಲೆ ಹನ್ನೆರಡು ಮನೆ ಹಾಕು, ಒಂದೊಂದು ತಿಂಗಳಿಗೆ ಒಂದೊಂದು, ಎಷ್ಟು ಬರತ್ತೆ ಎಷ್ಟು ಹೋಗತ್ತೆ. ನಂಗೆ ಮಳೆಗಾಲವೇ ಹಂಗಾಮು, ನಿಂಗೆ ಉಲ್ಟಾ, ಜೂನಿಂದ ಸೆಪ್ಟೆಂಬರ್ ತನಕ ಗೋಡೆ ಒಣಗೋದೇ ಇಲ್ಲ, ಹೋಮ್‌ಸ್ಟೇಗೆ ಜನವೂ ಇಲ್ಲ. ಆ ನಾಲ್ಕು ಮನೆ ಖಾಲಿ ಕಾಣತ್ತೆ. ಅದಕ್ಕೇ ಅಲ್ದಾ ನೀನು ಶೆಡ್ ಹಾಕಿ ಒಳಗೇ ಸಣ್ಣ ಪ್ಯಾನೆಲ್ ಮಾಡ್ಬೇಕು ಅಂತಿರೋದು? ಹಾಗಾದ್ರೆ ಪ್ಲಾನ್ ನಿನ್ನ ತಲೇಲಿ ಆಗ್ಲೇ ಇದೆ. ಆ ಪ್ಯಾನೆಲ್ ಯಾರು ತಗೋತಾರೆ ಅಂತ ಮಾತ್ರ ನೀನು ಎಲ್ಲೂ ಬರ್ದಿಲ್ಲ. ಜನ ತಗೋತಾರೆ ಅಂತ ಬರ್ದಿದ್ದೀಯ. ಯಾವ ಜನ? ಹತ್ತು ಹೆಸರು ಬರಿ.

ಎರಡು ಸಾವಿರ ಕೊಟ್ರೆ ರೆಡಿ ರಿಪೋರ್ಟ್ ಮಾಡಿ ಕೊಡ್ತಾರೆ ಅಂದ್ಯಲ್ಲ, ಬ್ಯಾಂಕಿನ ಫಾರಂಗೆ ಬೇಕಾದ್ರೆ ಮಾಡ್ಸು. ನಿಂದು ನೀನೇ ಕೈಯಾರೆ ಬರಿ, ಎರಡೂ ಬೇರೆ ಬೇರೆ. ನೀನು ಕೇಳಿರೋ ಸಾಲ ಎರಡು ಲಕ್ಷ ಅಂದ್ರೆ ಸರ್ಕಾರದ ಮುದ್ರಾ ಸಾಲ ಯೋಜನೇಲಿ ಕಿಶೋರ್ ಅನ್ನೋ ಲೆಕ್ಕಕ್ಕೆ ಬರತ್ತೆ, 50,000ದ ಮೇಲೆ 5 ಲಕ್ಷದ ತನಕ ಅದೇ. ಅಡಮಾನ ಬೇಡ ಅಂತ ಹಗುರ ಅಂದ್ಕೋಬೇಡ, ಕಂತು ಜುಲೈ ತಿಂಗಳಲ್ಲೂ ಬರತ್ತೆ. ರವಿವರ್ಮನಂಥ ರವಿವರ್ಮ 1894ರಲ್ಲಿ ಪ್ರೆಸ್ ಹಾಕಿ, ಮನೆ ಮನೆ ಗೋಡೆ ಮೇಲೆ ಅವನ ಲಕ್ಷ್ಮಿ ಸರಸ್ವತಿ, ಆದ್ರೂ ಸಾಲ ಏರಿ ಕೊನೆಗೆ ಪ್ರೆಸ್ಸನ್ನ ತನ್ನ ಜರ್ಮನ್ ಕೆಲಸಗಾರನಿಗೆ ಮಾರಬೇಕಾಯ್ತು. ಹೆದರಿಸ್ಲಿಕ್ಕೆ ಬರೀತಿಲ್ಲ ಇದನ್ನ, ಅಲ್ಲ, ಸ್ವಲ್ಪ ಹೆದರಿಸ್ಲಿಕ್ಕೇ. ಜಿಎಸ್‌ಟಿ ಚಿಂತೆ ಈಗ ಬೇಡ, ವರ್ಷದ ವಹಿವಾಟು 20 ಲಕ್ಷ ದಾಟಿದಾಗ ನೋಡುವ. ಉದ್ಯಮ್ ರಿಜಿಸ್ಟ್ರೇಷನ್‌ಗೆ, ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸೋದಕ್ಕೆ, ಯಾರಾದ್ರೂ ದುಡ್ಡು ಕೇಳಿದ್ರೆ ಕೊಡ್ಬೇಡ, ಅದು ಪುಕ್ಕಟೆ.

ಇನ್ನೊಂದು, ಇದು ನನ್ನ ಗಾಯ, ನಿಮ್ಮನೇಲಿ ಯಾರಿಗೂ ಹೇಳಿಲ್ಲ. ಒಂದು ಲಾಡ್ಜಿನವ್ರು ರಿಸೆಪ್ಷನ್‌ಗೆ ಅಂತ ನನ್ನ ಹತ್ರ ಒಂದು ಬಂದರಿನ ಚಿತ್ರ ಬರ್ಸಿದ್ರು, ಎರಡು ವರ್ಷ ಬಿಟ್ಟು ಅದೇ ಚಿತ್ರ ಅವ್ರ ಕ್ಯಾಲೆಂಡರಲ್ಲಿ, ಊರೆಲ್ಲ ಹಂಚಿದ್ರು, ಮೂಲೇಲಿದ್ದ ನನ್ನ ಸಹಿ ಕತ್ತರಿಸಿ. ಕೇಳೋಕೆ ಹೋದ್ರೆ ದುಡ್ಡು ಕೊಟ್ಟಿದ್ದೇವಲ್ಲ ಅಂದ್ರು. ಆಮೇಲೆ ಒಬ್ರು ವಕೀಲ್ರು ಹೇಳಿದ್ರು, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ದಿದ್ರೆ, ಬರೆಸಿದವ್ರದ್ದೇ. ಒಪ್ಪಂದ ಅಂದ್ರೆ ಎಂತದು, ಒಂದು ಸಾಲು. ಹಕ್ಕು ನಂದೇ, ಗೋಡೆ ಮೇಲೆ ಇರ್ಲಿಕ್ಕೆ ಮಾತ್ರ ಕೊಟ್ಟಿದ್ದೇನೆ ಅಂತ. ನಾನು ಬರೀಲಿಲ್ಲ, ಯಾಕಂದ್ರೆ ಚಿತ್ರ ಬರಿಯೋನು ಕಾಗದ ಪತ್ರ ಬರೆಯೋದಿಲ್ಲ ಅಂತ ಒಂದು ಸೊಕ್ಕು. ನೀನು ಅದನ್ನೂ ಆ ಹಾಳೇಲಿ ಸೇರ್ಸು, ಯಾವ ಕೆಲಸಕ್ಕೂ ಆ ಸಾಲು ಹಾಕದೆ ಕೈ ಹಾಕೋದಿಲ್ಲ ಅಂತ. ಯಾವ ಕೆಲಸ ಒಪ್ಕೊಳ್ಳೋದಿಲ್ಲ ಅಂತಲೂ ಬರಿ. ಅಂಗಡಿಯವಳಾಗೋ ಭಯ ಅಷ್ಟಿದ್ರೆ ಅದನ್ನ ಮೊದಲನೇ ಸಾಲಲ್ಲೇ ಬರಿ ಕೂಸೇ, ವರ್ಷಕ್ಕೆ ಇಷ್ಟು ದಿನ ಯಾರೂ ಕೇಳದ ಚಿತ್ರ ಮಾಡ್ಲಿಕ್ಕೆ, ಅಂತ. ಆ ದಿನಗಳ ಖರ್ಚು ಎಲ್ಲಿಂದ ಬರತ್ತೆ ಅನ್ನೋದೇ ಉಳಿದ ಪ್ಲಾನ್. ನಂಗೆ ಯಾರೂ ಹಾಗೆ ಹೇಳ್ಲಿಲ್ಲ, ಅಲ್ಲ, ಒಬ್ಳು ಹೇಳಿದ್ಲು.

ಆ ನೋಟ್‌ಬುಕ್ ಇನ್ನೂ ಇದೆ, ಕಪಾಟಲ್ಲಿ ಅವಳ ಸೀರೆ ಕೆಳಗೆ. ನಿನ್ನೆ ರಾತ್ರಿ ತೆಗೆದು ನೋಡಿದೆ, ಸೀಸದ ಕಡ್ಡಿ ಗುರುತು ಮಾಸಿಲ್ಲ.

ಮಳೆ ಹಿಡಿಯೋ ಮುಂಚೆ ಒಂದು ಸಲ ಬಾ. ಹಾಳೆ ಅರ್ಧ ಬರೆದಿದ್ರೂ ತಗೊಂಡು ಬಾ, ಬರೀದಿದ್ರೂ ಬಾ. ಹೊಳೆ ಆಚೆ ಸುಣ್ಣ ಸುಡೋರಿಗೆ ಹೇಳಿಟ್ಟಿದ್ದೇನೆ, ನಿನಗೆ ಅಂತ ಎರಡು ಚೀಲ ಚಿಪ್ಪಿನ ಸುಣ್ಣ ತೆಗೆದಿಡ್ತಾರೆ. ದರ ನಾನು ಕೇಳಿಲ್ಲ. ನೀನೇ ಕೇಳಿ ಬರ್ಕೋ.

ನಿನ್ನ ಮಾವ