ಬಳ್ಳಾರಿ ಜಿಲ್ಲಾಧಿಕಾರಿಗಳಿಗೆ: ಜೀನ್ಸ್ ವಾಷಿಂಗ್ ಘಟಕಗಳಿಗೆ ಮೊದಲು ಒಂದು ನಲ್ಲಿ ಹಾಕಿಸಿ

ಮಾನ್ಯ ಜಿಲ್ಲಾಧಿಕಾರಿಗಳೇ,

ಬಳ್ಳಾರಿ ಜೀನ್ಸ್ ಅಂದರೆ ಕರೆಂಟ್, ಜಾಗ, ಸಬ್ಸಿಡಿ ಅಂತಲೇ ಮನವಿಗಳು ಬರುತ್ತವೆ. ಈ ಪತ್ರ ಬ್ಲೀಚ್ ಕ್ಯಾನ್ ಬಗ್ಗೆ.

ಪ್ಯಾಂಟಿನ ನೀಲಿ ಬಣ್ಣ ತೆಳುವಾಗಲಿ ಅಂತ ವಾಷಿಂಗ್‌ನಲ್ಲಿ ಹಾಕುವುದು ಸೋಡಿಯಂ ಹೈಪೋಕ್ಲೋರೈಟ್. ಮನೆಯ ಬ್ಲೀಚಿನಲ್ಲಿ ಇದು ಶೇ. 4-5 ಇದ್ದರೆ, ಘಟಕಗಳಿಗೆ ಬರುವ ಕ್ಯಾನಿನಲ್ಲಿ ಶೇ. 10-12ರಷ್ಟು ಇರುತ್ತದೆ. ಮೈಮೇಲೆ ಬಿದ್ದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಬಿಸಿಗೆ ಒಡೆದು ಗ್ಯಾಸ್ ಬಿಡುತ್ತದೆ, ಕ್ಯಾನ್ ಉಬ್ಬುತ್ತದೆ. ನಮ್ಮೂರ ಏಪ್ರಿಲ್‌ನಲ್ಲಿ ತಗಡಿನ ಶೆಡ್ ಒಳಗೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾ?

ಅದೇ ಮೂಲೆಯಲ್ಲಿ ಅಸಿಟಿಕ್ ಆಸಿಡ್ ಕ್ಯಾನೂ ಇರುತ್ತದೆ. ಎರಡೂ ನೋಡೋಕೆ ಒಂದೇ ಥರ. ಚೀಟಿ ಇದ್ದರೆ ಇಂಗ್ಲಿಷಿನಲ್ಲಿ. ಆಸಿಡ್ ತೋಡಿದ ಜಗ್ಗನ್ನೇ ಬ್ಲೀಚಿಗೂ ಅದ್ದಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಅದು ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ. ಬಗ್ಗಿ ಬಟ್ಟೆ ತೆಗೆಯುವವರಿಗೇ ಮೊದಲ ಪೆಟ್ಟು. ಮೂಗಿಗೆ ಕಟ್ಟಿದ ಟವೆಲ್ ಧೂಳು ತಡೆದೀತು, ಗ್ಯಾಸ್ ತಡೆಯುವುದಿಲ್ಲ.

ನಮ್ಮ ಪಕ್ಕದ ಮನೆ ಹುಡುಗನಿಗೆ ಬಕೆಟ್ಟಿಗೆ ಸುರಿಯುವಾಗ ಬ್ಲೀಚ್ ಕಣ್ಣಿಗೆ ಸಿಡಿಯಿತು. ದಿನವಿಡೀ ನೀರಲ್ಲೇ ನಿಂತು ಕೆಲಸ ಮಾಡುವ ಜಾಗ, ಆದರೆ ಕಣ್ಣು ತೊಳೆಯೋಕೆ ಶುದ್ಧ ನೀರಿಲ್ಲ! ಟ್ಯಾಂಕರ್ ಇನ್ನೂ ಬಂದಿರಲಿಲ್ಲ. ಕುಡಿಯುವ ಬಾಟಲಿಯ ನೀರು ಚಿಮುಕಿಸಿ ಆಟೋ ಹತ್ತಿಸಿದರು. ಇಂಥ ಹೊತ್ತಲ್ಲಿ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ಕಣ್ಣು ತೊಳೆಯಬೇಕು, ಅದೂ ತಕ್ಷಣ. ಆಸ್ಪತ್ರೆ ಆಮೇಲೆ. ಅವನ ಆ ಕಣ್ಣಿಗೆ ಈಗಲೂ ಮಂಜು ಮಂಜು.

ಕೆಲಸಗಾರರು ಇಂತಿಷ್ಟು ಮಂದಿ ಇದ್ದರೆ ಮಾತ್ರ ಕಾರ್ಖಾನೆ ಇಲಾಖೆ ಬರುತ್ತದೆ. ನಾಲ್ಕೈದು ಮಂದಿಯ ಶೆಡ್‌ಗಳನ್ನು ಕೇಳುವವರಿಲ್ಲ. ಆದರೆ ವ್ಯಾಪಾರಕ್ಕೆ ಲೈಸೆನ್ಸ್ ಕೊಡುವುದು ಮಹಾನಗರ ಪಾಲಿಕೆ ಅಲ್ವಾ? ನವೀಕರಣಕ್ಕೆ ಬಂದವರಿಗೆ ಷರತ್ತು ಹಾಕಿಸಿ: ಬ್ಲೀಚ್ ಕೋಣೆಯ ಬಾಗಿಲಲ್ಲೇ ಬೇರೆ ಟ್ಯಾಂಕಿನ ಒಂದು ನಲ್ಲಿ ಇರಬೇಕು, ಅದು ಖಾಲಿ ಆಗಬಾರದು. ಆಸಿಡ್ ಬೇರೆ ಕಡೆ ಇಡಬೇಕು. ಕ್ಯಾನಿನ ಮೇಲೆ ಕನ್ನಡ, ತೆಲುಗು, ಉರ್ದುವಿನಲ್ಲಿ ದಪ್ಪಕ್ಷರದಲ್ಲಿ ಬರೆಸಬೇಕು. ಕನ್ನಡಕ, ರಬ್ಬರ್ ಗ್ಲೌಸ್ ಅಂತೂ ಇರಲೇಬೇಕು.

ಮಾಲೀಕರೆಲ್ಲ ಕಟುಕರು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಮಂದಿ ತಾವೇ ಬ್ಲೀಚ್ ಸುರಿಯುತ್ತಾರೆ. ಸುಮ್ನೆ ದಂಡ ಹಾಕಿ ಹೋದರೆ ಬಾಗಿಲು ಮುಚ್ಚಿಕೊಂಡು ಅದೇ ಕೆಲಸ ಮಾಡುತ್ತಾರೆ. ಟ್ಯಾಂಕು, ನಲ್ಲಿಗೆ ಪಾಲಿಕೆಯೇ ಒಂದಿಷ್ಟು ನೆರವು ಕೊಟ್ಟರೆ ಬೇಗ ಆಗುತ್ತದೆ.

ಬೇಸಿಗೆ ಏರುವ ಮೊದಲೇ ಪಾಲಿಕೆ ಆಯುಕ್ತರ ಜತೆ ಒಂದು ಸಭೆ ಕರೆಯಿರಿ. ಕೆಲಸಗಾರರನ್ನೂ ಕರೆಸಿ, ಮಾಲೀಕರನ್ನಷ್ಟೇ ಅಲ್ಲ.

ಇಂತಿ,
ಕೌಲ್ ಬಜಾರಿನ ಒಬ್ಬ ನಿವಾಸಿ