ಬಿಕಾಂ ಮುಗಿಯಿತು, ಥ್ಯಾಂಕ್ಸ್ ಹೇಳೋದಿದೆ

ರಿಸಲ್ಟ್ ಬಂತು, ಫಸ್ಟ್ ಕ್ಲಾಸ್! ಒಬ್ಬೊಬ್ಬರಿಗೆ ಮೆಸೇಜ್ ಮಾಡೋದಕ್ಕಿಂತ ಇಲ್ಲೇ ಎಲ್ಲರಿಗೂ ಹೇಳಿಬಿಡುತ್ತೇನೆ.

ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ನನಗೆ ಚಿಕ್ಕಂದಿನಿಂದಲೂ ಕಿವಿ ಕೇಳಿಸುವುದಿಲ್ಲ. ಮಿಷನ್ ಹಾಕಿಕೊಂಡರೆ ಸದ್ದು ಬರುತ್ತದೆ, ಮಾತು ಬಿಡಿಬಿಡಿಯಾಗಿ ಬರುವುದಿಲ್ಲ. ಫ್ಯಾನು, ಬೆಂಚು ಎಳೆಯೋದು, ಸರ್ ದನಿ ಎಲ್ಲ ಒಂದೇ ಗದ್ದಲ. ತುಟಿ ನೋಡಿ ತಿಳ್ಕೋ ಅಂತಾರೆ. ಕನ್ನಡಿ ಮುಂದೆ ದನಿ ಇಲ್ಲದೆ ‘ಮಳೆ’ ಅನ್ನಿ, ‘ಬಳೆ’ ಅನ್ನಿ. ಒಂದೇ ಥರ ಅಲ್ವಾ?

ಒಂದು ಕಾಲೇಜಿನ ಆಫೀಸಿನಲ್ಲಿ ‘ಈಕಿ ಪಾಠ ಹೆಂಗ ಕೇಳ್ತಾಳ್ರಿ’ ಅಂತ ಅಪ್ಪನನ್ನು ವಾಪಸ್ ಕಳಿಸಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ನಮ್ಮಂಥವರಿಗೆ ಕನಿಷ್ಠ ಶೇ. 5 ಸೀಟು ಇದೆ ಅಂತ ತಿಳಿಸಿ, ಅಪ್ಪನ ಜೊತೆ ಹಾವೇರಿಯಿಂದ ಧಾರವಾಡಕ್ಕೆ ಬಂದು ಫಾರ್ಮ್ ತುಂಬಿಸಿದ ನಮ್ಮ ಹೈಸ್ಕೂಲ್ ಟೀಚರ್‌ಗೆ ದೊಡ್ಡ ನಮಸ್ಕಾರ.

ಅಕೌಂಟ್ಸ್ ಸರ್, ನೀವು ಬೋರ್ಡಿಗೆ ಬರೆದು ಮುಗಿಸಿ, ನಮ್ಮ ಕಡೆ ತಿರುಗಿದ ಮೇಲೇ ಮಾತಾಡುತ್ತಿದ್ದಿರಿ. ಕಿಟಕಿಗೆ ಬೆನ್ನು ಮಾಡಿದರೆ ನಿಮ್ಮ ಮುಖ ಕತ್ತಲಾಗಿ ಕಾಣುತ್ತದೆ ಅಂತ ಚೀಟಿ ಕೊಟ್ಟ ಮೇಲೆ ಆ ಜಾಗವನ್ನೇ ಬಿಟ್ಟಿರಿ. ಹಿಂದಿನ ಬೆಂಚಿನವರು ಏನಾದರೂ ಕೇಳಿದರೆ ಆ ಪ್ರಶ್ನೆಯನ್ನು ಮತ್ತೆ ಹೇಳಿಯೇ ಉತ್ತರ ಕೊಡುತ್ತಿದ್ದಿರಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಜಾಸ್ತಿ ಜನ ಮಾಡೋದಿಲ್ಲ.

ಇನ್ನು ನನ್ನ ಗ್ಯಾಂಗ್. ಕ್ಲಾಸೆಲ್ಲ ನಗುವಾಗ ‘ಯಾಕೆ?’ ಅಂತ ಕೇಳಿದರೆ ಜನ ‘ಏನಿಲ್ಲ ಬಿಡು, ಆಮ್ಯಾಲೆ ಹೇಳ್ತೀನಿ’ ಅಂತಾರೆ. ಆ ಆಮ್ಯಾಲೆ ಬರೋದೇ ಇಲ್ಲ. ನೀವು ಮಾತ್ರ ಕೆಟ್ಟ ಜೋಕನ್ನೂ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದು ತೋರಿಸಿದಿರಿ. ನೋಟ್ಸ್ ಯಾರಾದರೂ ಕೊಡುತ್ತಾರೆ, ಜೋಕು ಯಾರು ಕೊಡುತ್ತಾರೆ ಹೇಳಿ! ದೆಹಲಿಯ ಭಾರತೀಯ ಸಂಕೇತ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರದವರ ನಿಘಂಟಿನ ವಿಡಿಯೋ ನೋಡಿ ನೋಡಿ ನೀವು ಕೈ ಮಾತು ಕಲಿತಿರಿ. ಡಿಪ್ರಿಸಿಯೇಷನ್‌ಗೆ, ಅಂದರೆ ವಸ್ತುವಿನ ಬೆಲೆ ವರ್ಷ ವರ್ಷ ಇಳಿಯೋದಕ್ಕೆ, ನಾವೇ ಒಂದು ಸನ್ನೆ ಮಾಡಿಕೊಂಡೆವು, ಕೈ ಮೆಟ್ಟಿಲು ಇಳಿದ ಹಾಗೆ. (ಪರೀಕ್ಷೆಯಲ್ಲಿ ಬಳಸಿಲ್ಲ, ದೇವರಾಣೆ.) ಈಗ ಕಿವಿ ಕೇಳುವ ನೀವಿಬ್ಬರೇ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಗಾಜಿನ ಆಚೆ ಈಚೆ ನಿಂತು ನನ್ನ ಬಗ್ಗೆ ಕೈಯಲ್ಲೇ ಚಾಡಿ ಹೇಳೋದು ನೋಡಿದ್ದೇನೆ. ನನಗೆ ಎಲ್ಲಾ ತಿಳಿಯುತ್ತದೆ, ನೆನಪಿರಲಿ.

ಅವ್ವಾ, ನಿನಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಬೈತೀಯ, ಅದಕ್ಕೇ ಪೇಡೆ ತರುತ್ತಿದ್ದೇನೆ.

ಮುಂದೆ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ನೋಟ್ಸ್ ಗ್ರೂಪ್ ಯಾರೂ ಡಿಲೀಟ್ ಮಾಡಬೇಡ್ರಿ, ಪ್ಲೀಸ್.